ಪತ್ತೇದಾರಿ ಕಥೆಗಾರ್ತಿಯ ನೋಟುಬುಕ್ಕುಗಳು

ಮಗಳ ಕೈಯಲ್ಲಿ ಪತ್ತೇದಾರಿ ಕಾದಂಬರಿಯೊಂದು ಕಂಡುಬಂದ ಕೂಡಲೆ ಅದನ್ನು ಕಸಿದು ಬೀರುವಿನ ಮೇಲಕ್ಕೆ ಎಸೆಯುವ ತಂದೆತಾಯಿಗಳು ಹಿಂದೆಯೂ ಇದ್ದರು, ಈಗಲೂ ಇಲ್ಲದಿಲ್ಲ. ಹಾಗೆ ಕಸಿದವರೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರ ಕಡೆಯ ಅಧ್ಯಾಯವನ್ನು ಓದಿ ಮುಗಿಸುವದೂ ಉಂಟು. ಅದು ಬೇರೆ ಮಾತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಭೂಗೋಳದ ಪುಸ್ತಕದೊಳಗೆ ಅಡಗಿಸಿಟ್ಟು ಓದಿದವರು ಈ ಸಂಚಿಕೆಯ ವಾಚಕರಲ್ಲಿಯೂ ಕೆಲವರಿರಬಹುದು. ಕೊಲೆ ಕಳವುಗಳ ಕಥೆಯಿಂದ ಹೆಣ್ಣುಮಕ್ಕಳಿಗೆ ಆಗುವ ಪ್ರಯೋಜನವೇನು ಎಂದು ಹಿರಿಯರು ಕೇಳುವದು ನ್ಯಾಯವೇ ಸರಿ. ಆದರೆ ನಾನು ಇಲ್ಲಿ ಹೇಳಬೇಕೆಂದಿರುವದು ಅಂಥ ಕಥೆಗಳನ್ನು ಓದುವದರ ವಿಷಯವನ್ನು ಮಾತ್ರವಲ್ಲ. ಅವುಗಳನ್ನು ಬರೆದ ಒಬ್ಬ ಮಹಿಳೆಯು ತನ್ನ ಬರವಣಿಗೆಯನ್ನು ಹೇಗೆ ನಡಿಸಿಕೊಂಡು ಹೋದರು, ಮುಂದಿನ ಪುಸ್ತಕಗಳಿಗಾಗಿ ಹೇಗೆ ಸಿದ್ಧತೆ ಮಾಡಿಕೊಂಡರು ಎಂಬದನ್ನು. ಯಾಕಂದರೆ ಶಾಲೆಯ ಕೈಬರಹದ ಪತ್ರಿಕೆಗೆ ಅಂದವಾದ ಕಥೆಗಳನ್ನು ಬರೆದುಕೊಟ್ಟ ಎಷ್ಟೋ ಹುಡುಗಿಯರು ಮದುವೆಯಾದ ತರುವಾಯ ಲೇಖನಿಯನ್ನು ಮುಟ್ಟದೆ ಇರುವದನ್ನು ನೋಡುವಾಗ, ಈ ಮಹಿಳೆಯ ಜೀವಿತವು ಅವರಿಗೂ ಅವರ ಮನೆಯವರಿಗೂ ತಿಳಿದಿರಬೇಕೆಂದು ನನಗೆ ತೋರುತ್ತದೆ.

ಅಗಾಥಾ ಕ್ರಿಸ್ಟಿಯವರು ಇಂಗ್ಲೆಂಡಿನ ಡೆವನ್ ಪ್ರಾಂತದ ಸಮುದ್ರತೀರದಲ್ಲಿರುವ ಟಾರ್ಕಿ ಎಂಬ ಊರಿನಲ್ಲಿ 1890 ನೆಯ ಸೆಪ್ಟೆಂಬರ್ 15 ರಂದು ಹುಟ್ಟಿದರು. 1976 ನೆಯ ಜನವರಿ 12 ರಂದು ತೀರಿಕೊಳ್ಳುವಷ್ಟರಲ್ಲಿ 66 ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದರು. ಇವಲ್ಲದೆ ಸಣ್ಣ ಕಥೆಗಳು, ನಾಟಕಗಳು, ಮೇರಿ ವೆಸ್ಟ್‌ಮಕಾಟ್ ಎಂಬ ಬೇರೆ ಹೆಸರಿನಿಂದ ಬರೆದ ಆರು ಸಾಮಾಜಿಕ ಕಾದಂಬರಿಗಳು ಇವೆ. 1952 ನೆಯ ನವೆಂಬರ್‌ನಲ್ಲಿ ಲಂಡನಿನಲ್ಲಿ ಆರಂಭವಾದ ‘ದಿ ಮೌಸ್‌ಟ್ರ್ಯಾಪ್’ ಎಂಬ ನಾಟಕವು 2020 ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ನಿಲ್ಲುವ ವರೆಗೂ ಎಡೆಬಿಡದೆ ನಡೆದು, 2021 ರಲ್ಲಿ ಪುನಃ ಪ್ರಾರಂಭವಾಯಿತು. ಅದರ ಹಕ್ಕನ್ನು ಆಕೆ ತನ್ನ ಒಂಬತ್ತು ವರುಷದ ಮೊಮ್ಮಗನಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕೊಟ್ಟಿದ್ದರಂತೆ. ಇಷ್ಟನ್ನೂ ಬರೆದವರು ಬಾಲ್ಯದಲ್ಲಿ ಹೆಚ್ಚಾಗಿ ಮನೆಯಲ್ಲಿಯೇ ಕಲಿತವರು. ಎಂಟು ವರುಷವಾಗುವ ವರೆಗೆ ಮಗುವಿಗೆ ಓದು ಕಲಿಸಕೂಡದೆಂಬದು ಅವರ ತಾಯಿಯ ಆಗಿನ ಮತವಾಗಿತ್ತು. ಮಗುವಾದರೋ ಐದು ವರುಷಕ್ಕೇ ತಾನಾಗಿ ಓದಲಿಕ್ಕೆ ಕಲಿತುಬಿಟ್ಟಿತು.

ಆದರೂ ಆ ತಾಯಿಯನ್ನು ನಾನು ಮೆಚ್ಚುತ್ತೇನೆ. ಅಗಾಥಾ ಇನ್ನೂ ಮದುವೆಯಾಗದ ತರುಣಿಯಾಗಿದ್ದಾಗ ಇನ್‌ಫ್ಲುಯೆಂಜಾ ಜ್ವರ ಬಂದು ಇಳಿದು, ಹಾಸಿಗೆಯಲ್ಲಿ ಬೇಸರದಿಂದ ಮಲಗಿದ್ದಳು. ಅಕ್ಕನಂತೆ ನೀನೂ ಒಂದು ಕಥೆಯನ್ನು ಬರೆಯಬಾರದೇ ಎಂದು ತಾಯಿ ಕೇಳಿದರು. ತನ್ನಿಂದಾಗದೆಂದು ಮಗಳು ಹೇಳಲು, ಪ್ರಯತ್ನಿಸದೆ ಇರುವವಳಿಗೆ ಆಗದೆಂಬದು ಹೇಗೆ ಗೊತ್ತಾಯಿತೆಂದು ತಾಯಿ ತಿರುಗಿ ಕೇಳಿ, ಹೊರಗೆ ಹೋಗಿ, ಐದು ನಿಮಿಷದೊಳಗೆ ಒಂದು ನೋಟುಬುಕ್ಕನ್ನು ತಂದುಕೊಟ್ಟರು. ಅದರ ಒಂದು ಕೊನೆಯಲ್ಲಿ ಒಗೆಯಲು ಹಾಕಿದ ಬಟ್ಟೆಗಳ ಲೆಕ್ಕ ಬರೆದಿತ್ತು. ಉಳಿದ ಹಾಳೆಗಳೆಲ್ಲಾ ಖಾಲಿ. ಆ ಖಾಲಿ ಹಾಳೆಗಳಲ್ಲಿ ಮೊದಲಿನ ಕಥೆ ಹುಟ್ಟಿತು. ಅದು ಬಹಳ ಚೆನ್ನಾಗಿತ್ತೆಂದು ಯಾರೂ ಹೇಳಲಿಲ್ಲ. ಪತ್ರಿಕೆಗಳಿಗೆ ಕಳುಹಿಸಿದಾಗ ಹಿಂದಿರುಗಿ ಬಂತು. ಅದಕ್ಕೆ ಮುಂದೆ ಬರೆದ ಒಂದು ಕಾದಂಬರಿಯೂ ಅಚ್ಚಾಗಲಿಲ್ಲ.

ಈ ಒಗೆತದ ಲೆಕ್ಕದ ಪುಸ್ತಕವನ್ನು ನನ್ನ ವಾಚಕಿಯರು ನೆನಪಿನಲ್ಲಿಟ್ಟುಕೊಳ್ಳಬೇಕು. ಯಾಕಂದರೆ ಆಕೆ ಲೋಕಪ್ರಸಿದ್ಧರಾದ ಮೇಲೆಯೂ ಆಕೆಯ ಪುಸ್ತಕಗಳು ಹುಟ್ಟಿದ್ದು ಇಂಥ ಹಾಳೆಗಳಲ್ಲಿಯೇ. ಆಕೆ ಬಿಟ್ಟುಹೋದ ನೋಟುಬುಕ್ಕುಗಳಲ್ಲಿ 73 ಉಳಿದಿವೆ. ಡಾರ್ಟ್ ನದಿಯ ದಡದಲ್ಲಿರುವ ಗ್ರೀನ್‌ವೇ ಎಂಬ ಮನೆಯಲ್ಲಿದ್ದ ಅವುಗಳನ್ನು ಜಾನ್ ಕರನ್ ಎಂಬ ಐರ್ಲೆಂಡಿನ ವಿದ್ವಾಂಸರು ಬಹು ಶ್ರಮದಿಂದ ಓದಿ, 2009 ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಶ್ರಮವೆಂದು ಸುಮ್ಮನೆ ಹೇಳಲಿಲ್ಲ. ಆ ಕೈಬರಹವನ್ನು ನಮ್ಮ ಶಾಲೆಯ ಕಾಪಿ ಬರೆಸುವ ಉಪಾಧ್ಯಾಯಿನಿಯರು ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಲವು ಸಾಮಾನ್ಯವಾದ ಶಾಲಾಮಕ್ಕಳ ನೋಟುಬುಕ್ಕುಗಳು. ಒಂದು ಪುಟದಲ್ಲಿ ಯಾರು ಯಾರನ್ನು ಯಾವ ವಿಷದಿಂದ ಕೊಲ್ಲುವದು ಎಂಬ ಆಲೋಚನೆ. ಅದರ ಪಕ್ಕದಲ್ಲಿಯೇ ಅಂಗಡಿಯಿಂದ ತರಬೇಕಾದ ಸಾಮಾನುಗಳ ಪಟ್ಟಿ, ರೈಲುಗಾಡಿಯ ವೇಳೆ, ಕ್ರಿಸ್ಮಸ್ ಉಡುಗೊರೆಗಳ ಲೆಕ್ಕ, ಇಸ್ಪೀಟಿನ ಆಟದ ಅಂಕಗಳು. ಒಂದೇ ಕಾದಂಬರಿಯ ಟಿಪ್ಪಣಿಗಳು ಹಲವು ಪುಸ್ತಕಗಳಲ್ಲಿ ಚದರಿಕೊಂಡಿವೆ. ಒಂದು ವಾಕ್ಯದ ಸೂಚನೆಯಾಗಿ ಬರೆದಿಟ್ಟದ್ದು ಹತ್ತಾರು ವರುಷ ಕಳೆದ ಮೇಲೆ ಇಡೀ ಕಾದಂಬರಿಯಾಗಿ ಬೆಳೆದದ್ದೂ ಉಂಟು. ಇವೆಲ್ಲವನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರೆ ತನಗೆ ಬಹಳ ತೊಂದರೆ ತಪ್ಪುತ್ತಿತ್ತೆಂದು ಆಕೆಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಹಳೆಯ ನೋಟುಬುಕ್ಕುಗಳ ರಾಶಿಯಲ್ಲಿ ಮರೆತುಹೋದ ಗೀಚು ಬರಹವೊಂದು ಸಿಕ್ಕಿದಾಗ ಆಗುವ ಸಂತೋಷವೂ ಕಡಿಮೆಯದಲ್ಲವೆಂದಿದ್ದಾರೆ.

ಪತ್ತೇದಾರಿ ಕಥೆಗೆ ಆಕೆ ಕೈ ಹಾಕಿದ್ದು ಅಕ್ಕನ ಪಂಥದಿಂದ. ಅಂಥ ಕಥೆಯನ್ನು ನಿನ್ನಿಂದ ಬರೆಯಲಾಗದೆಂದು ಅಕ್ಕ ಮ್ಯಾಜ್ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿತ್ತು. 1914 ರಲ್ಲಿ ಮಹಾಯುದ್ಧವು ಹುಟ್ಟಿದಾಗ ಟಾರ್ಕಿಯ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದು, ಆ ಮೇಲೆ ಔಷಧಗಳನ್ನು ಮಿಶ್ರಮಾಡಿ ಕೊಡುವ ಕೋಣೆಗೆ ಹೋದರು. ಅಲ್ಲಿ ಕೆಲಸವು ಒಮ್ಮೆ ವಿಪರೀತ, ಒಮ್ಮೆ ಏನೂ ಇಲ್ಲ. ಸುತ್ತಲೂ ವಿಷದ ಸೀಸೆಗಳು. ಕಥೆಯ ಕೊಲೆಯು ವಿಷದಿಂದಲೇ ಆಗಬೇಕೆಂದು ನಿಶ್ಚಯವಾದದ್ದು ಅಲ್ಲಿ. ಅಂತು 1916 ರಲ್ಲಿ ‘ಸ್ಟೈಲ್ಸ್’ ಎಂಬ ಮನೆಯ ಕಥೆಯನ್ನು ಆರಂಭಿಸಿದರು. ಅರ್ಧದಲ್ಲಿ ದಾರಿ ಕಾಣದೆ ಕಂಗೆಟ್ಟರು. ಆಗಲೂ ಮುಂದೆ ಬಂದವರು ತಾಯಿಯೇ. ಎರಡು ವಾರದ ರಜವನ್ನು ತೆಗೆದುಕೊಂಡು ಎಲ್ಲಿಗಾದರೂ ಹೋಗಿ ಇದನ್ನು ಮುಗಿಸು ಎಂದು ಹೇಳಿದರು. ಮಗಳು ಡಾರ್ಟ್‌ಮೂರ್ ಎಂಬ ಬಯಲುಗುಡ್ಡಗಳ ನಾಡಿಗೆ ಹೋಗಿ, ಒಂದು ಹೋಟೆಲಿನಲ್ಲಿ ಬೆಳಗ್ಗೆಯೆಲ್ಲಾ ಕೈನೋವು ಬರುವ ವರೆಗೆ ಬರೆದು, ಮಧ್ಯಾಹ್ನ ಗುಡ್ಡದಲ್ಲಿ ಒಬ್ಬಂಟಿಯಾಗಿ ಅಲೆಯುತ್ತಾ ಪಾತ್ರಗಳ ಮಾತುಗಳನ್ನು ಗಟ್ಟಿಯಾಗಿ ತಾನೇ ಆಡಿಕೊಳ್ಳುತ್ತಾ ಕಥೆಯನ್ನು ಮುಗಿಸಿದರು.

ಇಷ್ಟಾದರೂ ಕೆಲವು ಪ್ರಕಾಶಕರು ಅದನ್ನು ಹಿಂದಕ್ಕೆ ಕಳುಹಿಸಿದರು. ಅದು 1920 ರಲ್ಲಿ ಅಮೇರಿಕದಲ್ಲಿಯೂ 1921 ರಲ್ಲಿ ಇಂಗ್ಲೆಂಡಿನಲ್ಲಿಯೂ ಹೊರಬಂತು. ಆಕೆಯ ಕೈಗೆ ಸೇರಿದ್ದು 25 ಪೌಂಡು. ಮುಂದಿನ ಐದು ಪುಸ್ತಕಗಳನ್ನೂ ಅದೇ ಪ್ರಕಾಶಕರಿಗೆ ಕೊಡುವೆನೆಂದು ಕರಾರಿಗೆ ಸಂತೋಷದಲ್ಲಿ ಸಹಿ ಹಾಕಿಬಿಟ್ಟಿದ್ದರು. ಬರೆಯುವ ಹುಡುಗಿಯರು ಕರಾರುಪತ್ರವನ್ನು ಎರಡು ಸಾರಿ ಓದಿ ಸಹಿ ಮಾಡಲಿ.

ನನಗೆ ಆಕೆಯ ಜೀವಿತದಲ್ಲಿ ಅತ್ಯಂತ ಗಮನಾರ್ಹವಾಗಿ ತೋರುವದು ಮೊದಲಿನ ಜಯವಲ್ಲ, 1926 ರ ತರುವಾಯದ ಕಾಲ. ಆ ವರುಷ ತಾಯಿ ತೀರಿಕೊಂಡರು. ಗಂಡನು ಬೇರೊಬ್ಬಳನ್ನು ಬಯಸಿ ವಿಚ್ಛೇದನವನ್ನು ಕೇಳಿದನು. ಡಿಸೆಂಬರ್‌ನಲ್ಲಿ ಆಕೆ 11 ದಿನ ಎಲ್ಲಿಗೆ ಹೋದರೆಂದು ತಿಳಿಯದೆ ದೇಶವೆಲ್ಲಾ ಹುಡುಕಿತು. ಕಡೆಗೆ ಹ್ಯಾರೊಗೇಟ್ ಎಂಬ ಊರಿನ ಹೋಟೆಲಿನಲ್ಲಿ ಸಿಕ್ಕಿದರು. ಪತ್ರಿಕೆಗಳು ಅದನ್ನು ಹಬ್ಬದಂತೆ ಆಚರಿಸಿದವು. ಆ ದುಃಖವನ್ನು ಇಲ್ಲಿ ಕೆದಕಲು ನನಗೆ ಮನಸ್ಸಿಲ್ಲ. ಅದಾದ ಮೇಲೆ ಏನು ಮಾಡಿದರು ಎಂಬದೇ ನನ್ನ ವಿಷಯ. ಚಿಕ್ಕ ಮಗಳನ್ನೂ ಕಾರ್ಯದರ್ಶಿನಿಯನ್ನೂ ಕರೆದುಕೊಂಡು ಕೆನರಿ ದ್ವೀಪಗಳಿಗೆ ಹೋಗಿ, 1928 ರಲ್ಲಿ ಹೊರಬಂದ ‘ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೇನ್’ ಎಂಬ ಕಾದಂಬರಿಯನ್ನು ಹೇಳಿ ಬರೆಯಿಸಿದರು. ಬರೆಯಲು ಮನಸ್ಸಿಲ್ಲ, ಬರೆದದ್ದು ತನಗೇ ಹಿಡಿಸದು. ಮಗಳು ಬಳಿಯಲ್ಲಿಯೇ ನಿಂತು ಆಗಾಗ ತಡೆಯುವಳು. ಆದರೂ ಹಣ ಬೇಕಾಗಿತ್ತು, ಬರೆದರು. ಆ ಪುಸ್ತಕವನ್ನು ಆಕೆ ಜೀವಮಾನವೆಲ್ಲಾ ಇಷ್ಟಪಡಲಿಲ್ಲ. ಆದರೆ ತಾನು ಹವ್ಯಾಸಕ್ಕಾಗಿ ಬರೆಯುವವಳಾಗಿರದೆ ವೃತ್ತಿಯಾಗಿ ಬರೆಯುವವಳಾದದ್ದು ಆಗಲೇ ಎಂದು ತಿಳಿದುಕೊಂಡರು. ಮನಸ್ಸು ಬಂದಾಗ ಬರೆಯುವದು ಒಂದು, ಬರೆಯಲೇಬೇಕಾದಾಗ ಬರೆಯುವದು ಇನ್ನೊಂದು. ನಮ್ಮ ಹೆಣ್ಣುಮಕ್ಕಳ ಬರವಣಿಗೆಯನ್ನು ಮನೆಯವರು ಹೊಗಳುವದೇನೋ ಉಂಟು. ಆದರೆ ಹೂವಿನ ಕಸೂತಿಯನ್ನು ಹೊಗಳುವಂತೆ ಹೊಗಳುತ್ತಾರೆ. ಅದು ಕೆಲಸವೆಂದು ಎಣಿಸುವವರು ವಿರಳ. ಬರೆಯುವವಳೇ ಹಾಗೆ ಎಣಿಸದೆ ಇದ್ದರೆ ಬೇರೆಯವರನ್ನು ದೂರಿ ಫಲವೇನು?

ಈ ವಿಷಯದಲ್ಲಿ ಆಕೆಯ ಸ್ವಭಾವವೂ ವಿಚಿತ್ರ. ಇಷ್ಟೆಲ್ಲಾ ಬರೆದ ಮೇಲೆಯೂ ಸರಕಾರದ ನಮೂನೆಗಳಲ್ಲಿ ಉದ್ಯೋಗವೆಂಬಲ್ಲಿ ‘ವಿವಾಹಿತ ಸ್ತ್ರೀ’ ಎಂಬದಾಗಿಯೇ ತುಂಬುತ್ತಿದ್ದರು. ಬಹು ಕಾಲ ಆಕೆಗೆ ಬರೆಯುವ ಕೋಣೆಯೆಂಬದೇ ಇರಲಿಲ್ಲ. ಅಲುಗದ ಒಂದು ಮೇಜು, ಒಂದು ಟೈಪ್‌ರೈಟರ್, ಇಷ್ಟಿದ್ದರೆ ಸಾಕಾಗುತ್ತಿತ್ತು. ಮಲಗುವ ಕೋಣೆಯಲ್ಲಿ ಮುಖ ತೊಳೆಯುವ ಕಲ್ಲುಹಾಸಿನ ಮೇಜಾದರೂ ಆಗುತ್ತಿತ್ತು, ಎರಡು ಊಟಗಳ ನಡುವೆ ಊಟದ ಮೇಜಾದರೂ ಆಗುತ್ತಿತ್ತು. ಬರೆಯುತ್ತಿರುವ ಭಂಗಿಯ ಚಿತ್ರ ಬೇಕೆಂದು ಪತ್ರಿಕೆಯವರು ಬಂದರೆ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಕಷ್ಟಪಡುವರು. ಪಾತ್ರೆ ತೊಳೆಯುವ ಹೊತ್ತೇ ಪುಸ್ತಕವನ್ನು ಯೋಚಿಸಲು ಒಳ್ಳೆಯ ಹೊತ್ತೆಂಬ ಮಾತೂ ಆಕೆಯ ಹೆಸರಿನಲ್ಲಿ ಪ್ರಚಾರವಾಗಿದೆ.

ಈ ಕಡೆಯ ಮಾತನ್ನು ಉದಾಹರಿಸಲು ಗಂಡಸರಿಗೆ ಬಹಳ ಇಷ್ಟ. ಅಷ್ಟು ದೊಡ್ಡ ಲೇಖಕಿಯೇ ಪಾತ್ರೆ ತೊಳೆಯುತ್ತಾ ಬರೆದಳಂತೆ, ನಿನಗೇನು ಪ್ರತ್ಯೇಕ ಸಮಯ ಎಂದು ಹೇಳಿಬಿಟ್ಟರೆ ಮಾತು ಮುಗಿಯಿತು. ಇದನ್ನು ನಾನು ಒಪ್ಪಲಾರೆನು. ಆಕೆ ಹುಟ್ಟಿದ ಮನೆಯಲ್ಲಿ ಸೇವಕರಿದ್ದರು. ಮಗಳನ್ನು ನೋಡಿಕೊಳ್ಳಲು ದಾದಿಯರಿದ್ದರು. ಯೋಚನೆಯನ್ನು ಪಾತ್ರೆಯ ಮುಂದೆ ಮಾಡಬಹುದು, ಬರವಣಿಗೆಯನ್ನಲ್ಲ. ಪ್ರತಿಯೊಂದು ಪುಸ್ತಕದ ಆರಂಭಕ್ಕೆ ಮುಂಚೆ ಮೂರು ವಾರ, ಒಂದು ತಿಂಗಳು, ತನ್ನಿಂದ ಇನ್ನು ಬರೆಯಲಾಗದೆಂದು ಪೆನ್ಸಿಲನ್ನು ಕಚ್ಚುತ್ತಾ, ಕೋಣೆಯಿಂದ ಕೋಣೆಗೆ ತಿರುಗುತ್ತಾ ಸಂಕಟಪಡುತ್ತಿದ್ದರೆಂದು ಆಕೆಯೇ ಬರೆದಿದ್ದಾರೆ. ಹೀಗೆ ಸಂಕಟಪಡಲಿಕ್ಕೂ ಬಿಡುವು ಬೇಕಷ್ಟೆ. ಅದಲ್ಲದೆ, 1930 ರಲ್ಲಿ ತನಗಿಂತ 14 ವರುಷ ಚಿಕ್ಕವರಾದ ಮ್ಯಾಕ್ಸ್ ಮ್ಯಾಲೊವನ್ ಎಂಬ ಪುರಾತತ್ವಜ್ಞರನ್ನು ಮದುವೆಯಾಗಿ, ಅವರ ಸಂಗಡ ಸಿರಿಯ ಇರಾಕ್ ದೇಶಗಳ ಉತ್ಖನನಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಏನು ನಡೆಯಿತೆಂಬದನ್ನು ಪಾತ್ರೆಯ ಕಥೆ ಹೇಳುವವರು ಹೇಳುವದಿಲ್ಲ. ಇರಾಕಿನ ನಿಮ್ರೂದ್ ಎಂಬಲ್ಲಿ, ಅಗೆಯುವವರ ಬಿಡಾರಕ್ಕೆ ಸೇರಿಸಿ, ಆಕೆ ತನ್ನ ಸ್ವಂತ 50 ಪೌಂಡುಗಳಿಂದ ಮಣ್ಣಿನ ಇಟ್ಟಿಗೆಯ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಿಕೊಂಡರು. ಅದಕ್ಕೆ ‘ಬೈತ್ ಅಗಾಥಾ’, ಅಂದರೆ ಅಗಾಥಾಳ ಮನೆ, ಎಂದು ಅರಬಿ ಭಾಷೆಯಲ್ಲಿ ಹೆಸರಾಯಿತು. ಗಂಡನ ಕೆಲಸಕ್ಕೆ ಸಹಾಯ ಮಾಡದೆ ಇರಲಿಲ್ಲ. ಅಲ್ಲಿ ದೊರೆತ ಸಾವಿರಾರು ವರುಷ ಹಿಂದಿನ ದಂತದ ಕೆತ್ತನೆಗಳನ್ನು ಮುಖಕ್ಕೆ ಹಚ್ಚುವ ಕ್ರೀಮಿನಿಂದ ಮೆಲ್ಲಗೆ ಶುದ್ಧಮಾಡಿದವರು ಆಕೆಯೇ. ಆದರೆ ಬಾಗಿಲು ಹಾಕಿಕೊಂಡು ಬರೆಯುವ ಒಂದು ಕೋಣೆಯೂ ಇತ್ತು.

ಇನ್ನು ಹಿರಿಯರ ಮೊದಲನೆಯ ಪ್ರಶ್ನೆ: ಕೊಲೆಯ ಕಥೆಗಳಿಂದ ಮನಸ್ಸು ಕೆಡುವದಿಲ್ಲವೇ? ಆಕೆಯ ಆಸ್ಥೆಯೆಲ್ಲಾ ಕೊಂದವನ ಮೇಲಲ್ಲ, ನಿರಪರಾಧಿಗಳ ಮೇಲೆ. ನಿಜವಾದ ಅಪರಾಧಿಯು ತಿಳಿಯದೆ ಹೋದರೆ ಒಂದು ಕುಟುಂಬದ ಎಲ್ಲರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಾ ಹೇಗೆ ಹಾಳಾಗುವರೆಂಬದನ್ನು 1958 ರ ‘ಆರ್ಡೀಲ್ ಬೈ ಇನೊಸೆನ್ಸ್’ ಕಾದಂಬರಿಯಲ್ಲಿ ತೋರಿಸಿದ್ದಾರೆ. ತನಗೆ ತೃಪ್ತಿಯನ್ನು ಕೊಟ್ಟ ಪುಸ್ತಕಗಳಲ್ಲಿ ಅದನ್ನು ಎಣಿಸುತ್ತಿದ್ದರು. ದೋಷಗಳು ಇಲ್ಲದಿಲ್ಲ. ಕೆಲವು ಹಳೆಯ ಪುಸ್ತಕಗಳಲ್ಲಿ ಯೆಹೂದ್ಯರನ್ನೂ ಪರದೇಶದವರನ್ನೂ ಕುರಿತು ಹಗುರವಾದ ಮಾತುಗಳಿವೆ. 1939 ರ ಒಂದು ಪ್ರಸಿದ್ಧ ಕಾದಂಬರಿಯ ಮೊದಲಿನ ಹೆಸರೇ ಕರಿಯ ಜನರಿಗೆ ಅವಮಾನಕರವಾಗಿದ್ದು ಬದಲಾಯಿಸಬೇಕಾಯಿತು. ಮಕ್ಕಳು ಇಂಥವನ್ನು ಓದುವಾಗ ತಾಯಿಯೂ ಓದಿ, ಮಾತಾಡಿ ತಿಳಿಸುವದು ಕಸಿದುಕೊಳ್ಳುವದಕ್ಕಿಂತ ಉತ್ತಮ. ಪ್ರಯೋಜನವನ್ನೇ ಕೇಳುವವರಿಗೆ ಒಂದು ಸಂಗತಿ: 1977 ರಲ್ಲಿ ಕತಾರ್ ದೇಶದಿಂದ ಲಂಡನಿನ ಆಸ್ಪತ್ರೆಯೊಂದಕ್ಕೆ 19 ತಿಂಗಳಿನ ಹೆಣ್ಣುಮಗುವನ್ನು ತಂದಿದ್ದರು. ಕಾಯಿಲೆ ಏನೆಂದು ವೈದ್ಯರಿಗೆ ತಿಳಿಯಲಿಲ್ಲ. ಆ ದಿನಗಳಲ್ಲಿ ಅಲ್ಲಿಯ ದಾದಿಯೊಬ್ಬಳು ಕ್ರಿಸ್ಟಿಯವರ 1961 ರ ‘ದಿ ಪೇಲ್ ಹಾರ್ಸ್’ ಕಾದಂಬರಿಯನ್ನು ಓದುತ್ತಿದ್ದಳು. ಥ್ಯಾಲಿಯಮ್ ಎಂಬ ವಿಷದ ಲಕ್ಷಣಗಳನ್ನು, ಕೂದಲು ಉದುರುವದೇ ಮೊದಲಾದವುಗಳನ್ನು, ಅದರಲ್ಲಿ ಓದಿದ್ದವಳು ಮಗುವಿನಲ್ಲಿ ಅದೇ ಲಕ್ಷಣಗಳನ್ನು ಕಂಡು ವೈದ್ಯರಿಗೆ ಹೇಳಿದಳು. ಪರೀಕ್ಷೆಯಲ್ಲಿ ಅದು ನಿಜವಾಯಿತು, ಮಗು ಗುಣಹೊಂದಿತು. ಆಸ್ಪತ್ರೆಯ ಔಷಧದ ಕೋಣೆಯಲ್ಲಿ ತಾನು ಕಲಿತದ್ದನ್ನು ಕಥೆಗಾರ್ತಿಯು ಆಸ್ಪತ್ರೆಗೇ ಹಿಂದಿರುಗಿಸಿದಂತಾಯಿತು.

ಆದದರಿಂದ ಹೆಣ್ಣುಮಕ್ಕಳ ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟು. ನಿಮ್ಮ ಮಗಳಿಗಾಗಲಿ ಸೊಸೆಗಾಗಲಿ ಬರೆಯುವ ಆಶೆ ಇದ್ದರೆ, ಹಾಲಿನ ಲೆಕ್ಕ ಬರೆದ ನೋಟುಬುಕ್ಕಿನ ಉಳಿದ ಹಾಳೆಗಳನ್ನಾದರೂ ಕೊಡಿರಿ. ಅದರೊಂದಿಗೆ ಆ ತಾಯಿ ಕೊಟ್ಟಂತೆ ಎರಡು ವಾರ ಕೊಡಲಾಗದಿದ್ದರೆ ದಿನಕ್ಕೆ ಒಂದು ಗಂಟೆಯನ್ನಾದರೂ ಕೊಡಿರಿ. ಆ ಗಂಟೆಯಲ್ಲಿ ನೆಂಟರು ಬಂದರೆ ಕಾಫಿಯನ್ನು ಬೇರೆಯವರು ಮಾಡಲಿ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ಮಕ್ಕಳು ದೊಡ್ಡವರಾದ ಮೇಲೆ ಬರೆಯುವೆವೆಂದು ಕಾಯುವವರು, ಅಷ್ಟರ ವರೆಗೆ ಒಂದೊಂದು ಸಾಲನ್ನಾದರೂ ಎಲ್ಲಿಯಾದರೂ ಗುರುತು ಹಾಕಿಡಿರಿ. ಆ ಸಾಲಿಗೆ ತನ್ನ ಕಾಲ ಯಾವಾಗ ಬರುವದೆಂದು ಹೇಳುವ ಹಾಗಿಲ್ಲ.

ಮುಂದಿನ ಪುಸ್ತಕಗಳಿಗೆ ಸಿದ್ಧತೆ ಎಂದೆನಲ್ಲವೇ? ಉಪ್ಪಿನಕಾಯಿಯನ್ನು ಮಳೆಗಾಲಕ್ಕೆಂದು ಭರಣಿಯಲ್ಲಿ ಕಟ್ಟಿಡುವವರಿಗೆ ಈ ಸಂಗತಿ ಹಿಡಿಸುವದು. ಎರಡನೆಯ ಮಹಾಯುದ್ಧದಲ್ಲಿ ಲಂಡನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಕಾಲಕ್ಕೆ ಆಕೆ ಹಗಲು ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಪುನಃ ಔಷಧ ಕೊಡುವ ಕೆಲಸವನ್ನು ಮಾಡುತ್ತಾ, ಉಳಿದ ಹೊತ್ತಿನಲ್ಲಿ ಒಂದರ ಮೇಲೊಂದು ಪುಸ್ತಕ ಬರೆದರು. ಅವುಗಳಲ್ಲಿ ಎರಡನ್ನು ಅಚ್ಚಿಗೆ ಕೊಡಲಿಲ್ಲ. ಎರ್ಕ್ಯೂಲ್ ಪೊಯ್ರೊ ಎಂಬ ತನ್ನ ಪ್ರಸಿದ್ಧ ಪತ್ತೇದಾರನ ಕಡೆಯ ಕಥೆಯಾದ ‘ಕರ್ಟನ್’ ಒಂದು. ಹಳ್ಳಿಯ ಮುದುಕಿ ಮಿಸ್ ಮಾರ್ಪಲ್‌ಳ ‘ಸ್ಲೀಪಿಂಗ್ ಮರ್ಡರ್’ ಇನ್ನೊಂದು. ಮೊದಲನೆಯದನ್ನು ಮಗಳು ರೊಸಾಲಿಂಡಳಿಗೂ ಎರಡನೆಯದನ್ನು ಗಂಡನಿಗೂ ದಾನಪತ್ರ ಬರೆದುಕೊಟ್ಟು, ಬಾಂಬಿನಿಂದ ನಷ್ಟವಾದೀತೆಂದು ವಿಮೆಯನ್ನೂ ಮಾಡಿಸಿ, ಬ್ಯಾಂಕಿನ ನೆಲಮಾಳಿಗೆಯಲ್ಲಿ ಇರಿಸಿದರು. ತನ್ನ ಶವಸಂಸ್ಕಾರವನ್ನು ಮುಗಿಸಿಕೊಂಡು ಬರುವಾಗ ತಲೆಗೊಂದು ಪುಸ್ತಕ ಇದೆಯೆಂಬದರಿಂದ ಅವರಿಗೆ ಸ್ವಲ್ಪ ಸಮಾಧಾನವಾಗಲೆಂದು ಆಕೆಯ ಎಣಿಕೆ. ನಮ್ಮಲ್ಲಿ ತಾಯಂದಿರು ಮಗಳಿಗೆ ಬಳೆಯನ್ನೋ ಸರವನ್ನೋ ಎತ್ತಿಡುವರು. ತನ್ನ ಕೈಯ ಬರಹವೂ ಹಾಗೆ ಎತ್ತಿಡತಕ್ಕ ಆಸ್ತಿ ಎಂದು ತಿಳಿದಿದ್ದ ತಾಯಿ ಈಕೆ.

ಆ ಎರಡು ಪುಸ್ತಕಗಳು ಅಲ್ಲಿಯೇ ಮೂವತ್ತು ವರುಷಕ್ಕಿಂತಲೂ ಹೆಚ್ಚು ಕಾಲ ಇದ್ದವು. ಅಷ್ಟರೊಳಗೆ ಪೊಯ್ರೊನ ಮೇಲೆ ಆಕೆಗೇ ಬೇಸರ ಹುಟ್ಟಿದ್ದರೂ ಓದುವವರು ಬಿಡಲಿಲ್ಲ. ವರುಷಕ್ಕೆ ಒಂದರಂತೆ ಪುಸ್ತಕಗಳು ಬರುತ್ತಲೇ ಇದ್ದವು. ಕೊನೆಯದಾಗಿ ಬರೆದದ್ದು 1973 ರ ‘ಪೋಸ್ಟರ್ನ್ ಆಫ್ ಫೇಟ್’. ಅದರಲ್ಲಿ ಕಥೆಯ ಎಳೆ ತಪ್ಪುವದನ್ನೂ ಹೇಳಿದ್ದನ್ನೇ ಹೇಳುವದನ್ನೂ ಪ್ರೀತಿಯುಳ್ಳ ವಾಚಕರೂ ಮರೆಮಾಡಲಾರರು. ವಯಸ್ಸು ಆಗ 83. ಆದರೆ ನೋಟುಬುಕ್ಕಿನಲ್ಲಿ ಅದರ ಮುಂದಿನ ಪುಸ್ತಕಕ್ಕೂ ಟಿಪ್ಪಣಿಗಳು ಆರಂಭವಾಗಿವೆ. ಆ ಪುಸ್ತಕ ಬರೆಯಲಾಗಲಿಲ್ಲ. 1975 ರಲ್ಲಿ ಮಗಳಿಗೆಂದು ಇಟ್ಟಿದ್ದ ‘ಕರ್ಟನ್’ ಬ್ಯಾಂಕಿನಿಂದ ಹೊರಬಂತು. ಪೊಯ್ರೊ ತೀರಿಕೊಂಡ ಸುದ್ದಿಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಆ ಆಗಸ್ಟ್ 6 ರಂದು, ನಿಜವಾದ ಮನುಷ್ಯನು ಸತ್ತಂತೆ, ಮೊದಲನೆಯ ಪುಟದಲ್ಲಿ ಅಚ್ಚುಹಾಕಿತು. ಗಂಡನಿಗೆಂದು ಇಟ್ಟಿದ್ದ ಪುಸ್ತಕವು ಮರುವರುಷ, ಆಕೆ ತೀರಿಕೊಂಡ ಮೇಲೆ, ಬಂತು.